ಹಳೇ ಬಾಟಲಿ ಕರಗಿಸಿ ಟೆಲಿಸ್ಕೋಪ್ ಕನ್ನಡಿಗೆ ಬಿಲ್ಲೆ ಮಾಡಬಹುದಾ?

ನೀವು ಬೀದರಿನಿಂದ ಕೇಳಿದ್ದು ಇಷ್ಟು: ಕಾಕಾ ಅವರ ಬಿದ್ರಿ ಭಟ್ಟಿಯಲ್ಲಿ ಬಾಟಲಿ ಕರಗಿಸಿ 6 ಇಂಚಿನ ಕನ್ನಡಿಗೆ ಬಿಲ್ಲೆ (ಉಜ್ಜಿ ಕನ್ನಡಿ ಮಾಡೋ ದುಂಡನೆಯ ದಪ್ಪ ಗಾಜು) ಹೊಯ್ಯಬಹುದಾ, ಕೈಗೆ ಸಿಕ್ಕ ಗಾಜು ಯಾವುದು ಅಂತ ಗುರುತಿಸೋದು ಹೇಗೆ.

ಆ ಭಟ್ಟಿಯ ಆಸೆ ಬಿಡಿ. ಬಿದ್ರಿಯ ಸತು 420 ಡಿಗ್ರಿಗೇ ಕರಗುತ್ತದೆ, ಗಾಜಿನ ಚೂರು ಒಂದಕ್ಕೊಂದು ಬೆಸೆಯೋಕೇ 800ರ ಹತ್ತಿರ ಬೇಕು. ಶಾಖ ಹೇಗೋ ಏರಿಸಬಹುದು ಅನ್ನಿ, ನಿಜವಾದ ಕಷ್ಟ ತಣ್ಣಗೆ ಮಾಡೋದರಲ್ಲಿದೆ. ಹೊರಗೆ ಬೇಗ ಆರಿ ಒಳಗೆ ಬಿಸಿ ಉಳಿದರೆ ಗಾಜಿನಲ್ಲಿ ಬಿಗಿತ ಕೂತುಬಿಡುತ್ತದೆ. ಹಾಗಾಗಿ ಒಂದು ಇಂಚು ದಪ್ಪದ ಬಿಲ್ಲೆಯನ್ನು 550 ಡಿಗ್ರಿ ಆಸುಪಾಸಿನಲ್ಲಿ ಕೆಲವು ಗಂಟೆ ಹಿಡಿದಿಟ್ಟು, ಆಮೇಲೆ ಗಂಟೆಗೆ 10-15 ಡಿಗ್ರಿಯಂತೆ ಇಳಿಸಬೇಕು. ಇದ್ದಿಲ ಭಟ್ಟಿಯಲ್ಲಿ ಅದು ಆಗೋದಿಲ್ಲ.

ನಾನು ಇಲ್ಲಿ ಕಲಬುರಗಿಯಲ್ಲಿ ಪರಿಚಯದವರ ಕರೆಂಟ್ ಭಟ್ಟಿಯಲ್ಲಿ ಮಾಡಿ ನೋಡಿದ್ದೆ. ಕಿಟಕಿ ಗಾಜಿನ ಜೊತೆ ಲ್ಯಾಬಿನ ಒಡೆದ ಬೀಕರಿನ ಚೂರುಗಳೂ ಸೇರಿಹೋಗಿದ್ದವು. ಮೂರನೇ ದಿನ ತೆಗೆದಾಗ ಬಿಲ್ಲೆ ಇಡಿಯಾಗೇ ಇತ್ತು. ರಾತ್ರಿ ಊಟಕ್ಕೆ ಕೂತಾಗ ಟಣ್ ಅಂತ ಸದ್ದು. ಹೋಗಿ ನೋಡಿದರೆ ಬೀಕರಿನ ಒಂದೊಂದು ಚೂರಿನ ಸುತ್ತಲೂ ಬಿರುಕು. ಬೀಕರಿನ ಬೋರೋಸಿಲಿಕೇಟ್ (ಶಾಖ ತಡೆಯೋ ಗಾಜು) ಬಿಸಿಗೆ ಹಿಗ್ಗೋದು ಸಾದಾ ಗಾಜಿನ ಮೂರನೇ ಒಂದು ಪಾಲಿನಷ್ಟು, ತಣ್ಣಗಾಗುವಾಗ ಕುಗ್ಗೋದೂ ಅಷ್ಟೇ. ಎರಡೂ ಒಟ್ಟಿಗೆ ಬಾಳೋದಿಲ್ಲ.

ಗುರುತಿಸೋದು ಸುಲಭ. ಗಾಜಿನ ಬಟ್ಟಲಿಗೆ ಕುಸುಬಿ ಎಣ್ಣೆ ಹಾಕಿ, ಒರೆಸಿ ಒಣಗಿಸಿದ ಚೂರನ್ನು ಅರ್ಧ ಅದ್ದಿ. ಬೋರೋಸಿಲಿಕೇಟ್ ಆದರೆ ಮುಳುಗಿದ ಅರ್ಧ ಹೆಚ್ಚುಕಡಿಮೆ ಮಾಯ, ಅಂಚು ಕೂಡ ಹುಡುಕಬೇಕಾಗುತ್ತದೆ, ಯಾಕಂದರೆ ಎರಡರಲ್ಲೂ ಬೆಳಕು ಬಾಗೋದು ಒಂದೇ ಥರ, ಅದರ ಅಳತೆಯಾದ ವಕ್ರೀಭವನ ಸೂಚ್ಯಂಕ ಎರಡಕ್ಕೂ ಸುಮಾರು 1.47. ಸಾದಾ ಗಾಜು 1.52, ಅದರ ಅಂಚು ಎಣ್ಣೆಯಲ್ಲೂ ಕಾಣುತ್ತದೆ. ಎಣ್ಣೆ ಬೇಡ ಅಂದರೆ ತಕ್ಕಡಿ ಇದೆ: ನೀರಿನ ಪಾತ್ರೆಯನ್ನು ಡಿಜಿಟಲ್ ತಕ್ಕಡಿ ಮೇಲಿಟ್ಟು ಗಾಜನ್ನು ದಾರಕ್ಕೆ ಕಟ್ಟಿ, ತಳ ಮುಟ್ಟದಂತೆ ಪೂರ್ತಿ ಮುಳುಗಿಸಿ. 500 ಗ್ರಾಂ ಗಾಜಿಗೆ ತೂಕ 200 ಗ್ರಾಂ ಏರಿದರೆ ಸಾದಾ, 224ರ ಹತ್ತಿರ ಏರಿದರೆ ಬೋರೋಸಿಲಿಕೇಟ್.

ಬಿಗಿತ ನೋಡೋಕೆ ಲ್ಯಾಪ್‌ಟಾಪಿನ ಬಿಳಿ ಪರದೆ ಸಾಕು. ಪೋಲರಾಯ್ಡ್ ಕನ್ನಡಕವನ್ನು ಪರದೆ ಕಪ್ಪಾಗುವವರೆಗೆ ತಿರುಗಿಸಿ, ನಡುವೆ ಗಾಜು ಹಿಡಿಯಿರಿ. ಬೆಳಕಿನ ಪಟ್ಟೆ, ಚುಕ್ಕೆ ಎದ್ದರೆ ಆ ಗಾಜು ಬೇಡ. ಟಫನ್ ಗ್ಲಾಸ್ ಅಂತೂ ಕೊಯ್ಯೋಕೆ ಹೋದರೆ ಸಕ್ಕರೆಯಂತೆ ಪುಡಿಯಾಗುತ್ತದೆ, ಕಣ್ಣಿಗೆ ಅಪಾಯ.

ಹಾಗಂತ ಸಾದಾ ಗಾಜು ಕೀಳು ಅಂತಲ್ಲ. ಬೆಳಕು ಮೇಲಿನ ಅಲ್ಯೂಮಿನಿಯಂ ಲೇಪಕ್ಕೇ ತಾಗಿ ವಾಪಸ್ ಹೋಗುತ್ತದೆ, ಗಾಜಿನ ಒಳಗೆ ಹೋಗೋದೇ ಇಲ್ಲ. ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದ 100 ಇಂಚಿನ ಟೆಲಿಸ್ಕೋಪ್ ಕನ್ನಡಿ ಹಸಿರು ಛಾಯೆಯ ಸಾದಾ ಗಾಜೇ, ಮೂರು ಸಲ ಹೊಯ್ದ ಪದರಗಳ ನಡುವೆ ಗುಳ್ಳೆಗಳೂ ಇವೆ. ನಮ್ಮ ಗೆಲಾಕ್ಸಿಯ ಆಚೆಗೂ ಗೆಲಾಕ್ಸಿಗಳಿವೆ ಅಂತ ಖಗೋಳ ವಿಜ್ಞಾನಿ ಎಡ್ವಿನ್ ಹಬಲ್ ತೋರಿಸಿದ್ದು ಅದರಲ್ಲೇ ಅಲ್ವಾ!

ಅದಕ್ಕೇ ಹೇಳೋದು, ಕರಗಿಸಬೇಡಿ. ಗಾಜಿನ ಅಂಗಡಿಯಲ್ಲಿ 19 ಮಿಲಿಮೀಟರ್ ದಪ್ಪದ, ಟಫನ್ ಮಾಡಿರದ ತುಂಡು ಕೇಳಿ, ದುಂಡಗೆ ಕೊಯ್ಸಿ, 6 ಇಂಚಿಗೆ ಅದು ಸಾಕು. ನಮ್ಮ ಕಡೆ ಬೇಸಿಗೆಯಲ್ಲಿ ಮನೆಯೊಳಗೇ 40 ಡಿಗ್ರಿ ಇರುತ್ತದೆ, ಸಾದಾ ಗಾಜು ಆರುವಾಗ ಹೆಚ್ಚು ಕುಗ್ಗಿ ಕನ್ನಡಿಯ ಆಕಾರ ಕೆಡುತ್ತದೆ, ಆದ್ದರಿಂದ ಸಂಜೆಯೇ ಕನ್ನಡಿಯನ್ನು ಮಾಳಿಗೆಗೆ ಒಯ್ದಿಟ್ಟು, ಒಂದು ಗಂಟೆಯಾದರೂ ಆರೋಕೆ ಬಿಟ್ಟು ಆಮೇಲೆ ನೋಡಿ.