ಎರಡು-ಎರಡರ ಬಳೆಯ ಕೈಗೆ ಯಾವ ಪಿಸ್ತೂಲು?

ತಂಗೀ, ಡಲ್ಲಾಸಿಗೆ ಬಂದು ಮೂರು ತಿಂಗಳಾಯಿತು, ಪಕ್ಕದ ಮನೆಯ ಹೆಂಗಸರು ಶನಿವಾರ ಶೂಟಿಂಗ್ ರೇಂಜಿಗೆ ಹೋಗುತ್ತಾರೆ, ನನಗೂ ಒಂದು ಪಿಸ್ತೂಲು ಬೇಕು, ಆದರೆ ಅಂಗಡಿಯಲ್ಲಿ ಹಿಡಿದು ನೋಡಿದ್ದೆಲ್ಲ ಕೈಗೆ ದೊಡ್ಡದಾಯಿತು ಎಂದು ಬರೆದಿದ್ದೀಯ. ಎಲ್ಲ ಬರೆದೆ, ನಿನ್ನ ವೀಸಾ ಯಾವುದೆಂದು ಬರೆಯಲಿಲ್ಲ. ಕೆಲಸದ ಎಚ್-1ಬಿ, ಅವರ ಮನೆಯವರ ಎಚ್-4ರಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದು ಅಮೆರಿಕದ ಕೇಂದ್ರ ಕಾನೂನಿನಲ್ಲಿ ಅಪರಾಧ. ಬೇಟೆಯ ಪರವಾನಗಿ ಪಡೆದವರಿಗೆ ಮತ್ತು ಇನ್ನು ಕೆಲವರಿಗೆ ವಿನಾಯಿತಿ ಇದೆ, ಆದರೆ ಅದನ್ನು ವಲಸೆ ವಕೀಲರ ಬಾಯಿಂದಲೇ ಕೇಳಿ ತಿಳಿದುಕೋ. ರೇಂಜಿನಲ್ಲಿ ಬಾಡಿಗೆಗೆ ಪಡೆದು ಹಿಡಿದರೂ ಅಪಾಯವೇ. ಟೆಕ್ಸಾಸಿನಲ್ಲಿ ಎಲ್ಲರ ಸೊಂಟದಲ್ಲೂ ಇರುತ್ತದೆ ಎಂಬ ಮಾತು ನ್ಯಾಯಾಲಯದಲ್ಲಿ ನಡೆಯುವುದಿಲ್ಲ. ಗ್ರೀನ್ ಕಾರ್ಡ್ ಕೈಯಲ್ಲಿದೆ, ವಯಸ್ಸು 21 ದಾಟಿದೆ ಎಂದಾದರೆ ಮಾತ್ರ ಮುಂದಕ್ಕೆ ಓದು.

ನಾನು ಕೊಡಗಿನವಳು. ಕೈಲ್‌ಪೊಳ್ದ್ ಎಂಬ ಆಯುಧಪೂಜೆಯ ಹಬ್ಬದ ದಿನ ಕೋವಿಯ ನಳಿಗೆಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ ಪೂಜೆ ಮಾಡುವ ಮನೆಯಲ್ಲಿ ಬೆಳೆದವಳು. ಆ ಹಮ್ಮೇ ಇಲ್ಲಿ ನನ್ನನ್ನು ಕೆಡಿಸಿತು. ಕೋವಿಗೆ ಹೆಗಲಿನ ಆಸರೆಯಿದೆ, ಪಿಸ್ತೂಲಿನ ಒದೆತವನ್ನೆಲ್ಲ ಅಂಗೈ, ಮಣಿಕಟ್ಟುಗಳೇ ತಿನ್ನಬೇಕು. ನನ್ನದು ಎರಡು-ಎರಡರ ಬಳೆ ಸಲೀಸಾಗಿ ಏರುವ ಪುಟ್ಟ ಕೈ. ಅಂಗಡಿಯವನು ಅದನ್ನೊಮ್ಮೆ ನೋಡಿ, ಐದು ಗುಂಡಿನ ಪುಟ್ಟ ರಿವಾಲ್ವರ್ ಒಂದನ್ನು ಮುಂದಿಟ್ಟ. ಹಿಡಿಗೆ ಗುಲಾಬಿ ಬಣ್ಣ ಬೇರೆ! ತೂಕ ಅರ್ಧ ಕಿಲೋ ಕೂಡ ಇರಲಿಲ್ಲ. ಹಗುರವಾಗಿದೆ, ಹೆಂಗಸಿಗೆ ಹೇಳಿ ಮಾಡಿಸಿದ್ದು ಎಂದು ನಾನೂ ನಂಬಿದೆ. ಹತ್ತು ಈಡು ಮುಗಿಯುವಷ್ಟರಲ್ಲಿ ಹೆಬ್ಬೆರಳಿನ ಬುಡ ಊದಿಕೊಂಡಿತು. ಟ್ರಿಗರ್ ಎಷ್ಟು ಬಿಗಿಯೆಂದರೆ, ಎಳೆಯುವಾಗ ನಳಿಗೆಯೇ ಓಲಾಡುತ್ತಿತ್ತು. ಅದೇ ಗುಂಡನ್ನು ಹಗುರವಾದ ಬಂದೂಕಿನಿಂದ ಹಾರಿಸಿದಷ್ಟೂ ಒದೆತ ಹೆಚ್ಚು. ಚಿಕ್ಕ ಕೈಗೆ ಚಿಕ್ಕ ಪಿಸ್ತೂಲು ಎಂಬ ಲೆಕ್ಕ ಬಳೆಗೆ ಸರಿ, ಇದಕ್ಕೆ ಸರಿಯಲ್ಲ.

ಅಳೆಯಬೇಕಾದದ್ದು ಹಿಡಿಯ ಹಿಂಬದಿಯಿಂದ ಟ್ರಿಗರಿನವರೆಗಿನ ದೂರ. ಅಂಗಡಿಯಲ್ಲಿ ಪಿಸ್ತೂಲು ಖಾಲಿಯಿದೆಯೆಂದು ಅವರು ತೋರಿಸಲಿ, ನೀನೂ ಕಣ್ಣಾರೆ ನೋಡು. ಹೆಬ್ಬೆರಳು-ತೋರುಬೆರಳಿನ ನಡುವಿನ ಕವಲು ಹಿಡಿಯ ಹಿಂಭಾಗದಲ್ಲಿ ಆದಷ್ಟು ಮೇಲೆ ಕೂರಬೇಕು, ನಳಿಗೆ ಮುಂಗೈ ಮೂಳೆಯ ನೇರಕ್ಕೆ ಬರಬೇಕು. ಆ ಹಿಡಿತವನ್ನು ಕದಲಿಸದೆ, ಅಂಗಡಿಯವರನ್ನು ಕೇಳಿ, ಸುರಕ್ಷಿತ ದಿಕ್ಕಿಗೆ ತಿರುಗಿಸಿ ಬೆರಳನ್ನು ಟ್ರಿಗರಿನ ಮೇಲಿಡು. ಬೆರಳ ತುದಿಯ ಮೆತ್ತೆಯ ನಡುಭಾಗ ಅಲ್ಲಿಗೆ ತಲುಪಿದರೆ ಸರಿಯಾದ ಅಳತೆ. ತಲುಪದಿದ್ದರೆ ಕೈ ತನಗರಿವಿಲ್ಲದೆ ಪಕ್ಕಕ್ಕೆ ಹೊರಳುತ್ತದೆ, ಒದೆತ ನೇರವಾಗಿ ಹೆಬ್ಬೆರಳ ಗೆಣ್ಣಿಗೆ ಬೀಳುತ್ತದೆ, ಗುಂಡು ಗುರಿ ತಪ್ಪುತ್ತದೆ. ಹಿಡಿ ತೀರಾ ಚಿಕ್ಕದಾದರೂ ಕಷ್ಟವೇ: ಕಿರುಬೆರಳಿಗೆ ಜಾಗವಿಲ್ಲದೆ ಅದು ಗಾಳಿಯಲ್ಲಿ ನೇತಾಡುತ್ತದೆ.

ಗ್ಲಾಕ್ 19 ಎಂಬ ಪಿಸ್ತೂಲಿನಲ್ಲಿ ನಾಲ್ಕನೆಯ ತಲೆಮಾರಿನಿಂದ ಹಿಡಿಯ ಹಿಂದಿನ ಪಟ್ಟಿಯನ್ನು ಬದಲಿಸಬಹುದು. ಏನೂ ಹಾಕದಿದ್ದರೆ ಅದೇ ಅತಿ ಚಿಕ್ಕ ಅಳತೆ, ಪಟ್ಟಿಗಳು ಅದಕ್ಕೆ 2 ಅಥವಾ 4 ಮಿಲಿಮೀಟರ್ ಸೇರಿಸುತ್ತವೆ. ಅಂಗಡಿಯ ಮಾದರಿಗೆ ದೊಡ್ಡ ಪಟ್ಟಿ ಹಾಕಿದ್ದರೆ ತೆಗೆಸಿ ನೋಡು. ಸ್ಮಿತ್ ಆ್ಯಂಡ್ ವೆಸನ್ನಿನ ಎಂ ಆ್ಯಂಡ್ ಪಿ 2.0 ಜೊತೆಗೆ ನಾಲ್ಕು ಅಳತೆಯ ಪಟ್ಟಿಗಳು ಬರುತ್ತವೆ. ಗ್ಲಾಕ್ 43ಎಕ್ಸ್‌ನ ಹಿಡಿ ತೆಳ್ಳಗಿದ್ದರೂ ಕಿರುಬೆರಳಿಗೆ ಎಡೆಯಿದೆ. ವಾಲ್ಥರ್ ಕಂಪನಿ 2022ರಲ್ಲಿ ಪಿಡಿಪಿ ಎಫ್ ಎಂಬುದನ್ನು ಹೆಂಗಸರ ಕೈಯನ್ನು ಮನಸ್ಸಿನಲ್ಲಿಟ್ಟುಕೊಂಡೇ ತಂದಿತು. ಅದರಲ್ಲಿ ಟ್ರಿಗರ್ ಹತ್ತಿರ, ಸ್ಲೈಡ್, ಅಂದರೆ ಪಿಸ್ತೂಲಿನ ಮೇಲಿನ ಜಾರುವ ಭಾಗವನ್ನು, ಹಿಂದಕ್ಕೆ ಸರಿಸಲು ಬೇಕಾದ ಬಲವೂ ಕಡಿಮೆ. ನಾನಾದರೆ ಮೊದಲು ಅದನ್ನೇ ಹಿಡಿದು ನೋಡು ಎನ್ನುತ್ತೇನೆ. (ಸ್ಲೈಡ್ ಬಿಗಿ ಎಂದು ಬಹಳ ಹೆಂಗಸರು ಕೈಬಿಡುತ್ತಾರೆ. ಮೊಣಕೈಗಳನ್ನು ಮೈಗೆ ಹತ್ತಿಸಿಕೊಂಡು, ಎಡಗೈಯಲ್ಲಿ ಸ್ಲೈಡನ್ನು ಗಟ್ಟಿಯಾಗಿ ಹಿಡಿದು, ಬಲಗೈಯಲ್ಲಿರುವ ಪಿಸ್ತೂಲನ್ನು ಮುಂದಕ್ಕೆ ತಳ್ಳಬೇಕು. ಬರೀ ತೋಳಿನಿಂದ ಎಳೆಯಲು ಹೋದರೆ ಕಷ್ಟ.)

ಮನೆಯಲ್ಲಿ ನಾಲ್ಕು ವರ್ಷದ ಮಗುವಿದೆ ಎಂದಿದ್ದೀಯ. ಹಾಗಿದ್ದರೆ ಪಿಸ್ತೂಲಿಗಿಂತ ಮೊದಲು ಬೀಗದ ಉಕ್ಕಿನ ಪೆಟ್ಟಿಗೆ ಮನೆಗೆ ಬರಲಿ. 17 ತುಂಬದ ಮಕ್ಕಳ ಕೈಗೆ ಗುಂಡು ತುಂಬಿದ ಬಂದೂಕು ಸಿಗುವಂತೆ ಬಿಟ್ಟರೆ ಟೆಕ್ಸಾಸಿನಲ್ಲೂ ಶಿಕ್ಷೆಯಿದೆ. ಬಟ್ಟೆಯ ಕಪಾಟಿನ ಮೇಲಟ್ಟ ಬೀಗವಲ್ಲ.

ಇನ್ನೂ ಏನನ್ನೂ ಕೊಳ್ಳಬೇಡ. ನಿನ್ನ ಕಾಗದಪತ್ರ ಸರಿಯಿದ್ದರೆ ಬರುವ ಶನಿವಾರ ನನ್ನ ಜೊತೆ ರೇಂಜಿಗೆ ಬಾ, ಬಾಡಿಗೆಗೆ ಮೂರು ಪಡೆದು ಒಂದೊಂದರಲ್ಲಿ ಇಪ್ಪತ್ತು ಈಡು ಹೊಡೆದು ನೋಡೋಣ. ಬಳೆ ತೆಗೆದಿಟ್ಟು ಬಾ. ಅಗಲ ಕೊರಳಿನ ಕುರ್ತಾ ಮಾತ್ರ ಬೇಡ, ಕತ್ತಿನವರೆಗೆ ಮುಚ್ಚುವ ಅಂಗಿ ಇರಲಿ: ಪಿಸ್ತೂಲಿನಿಂದ ಸಿಡಿಯುವ ಖಾಲಿ ತೋಟಾ ಒಗ್ಗರಣೆಯ ಸಾಸಿವೆಯ ಹಾಗೆ ಚುರುಕು ಮುಟ್ಟಿಸುತ್ತದೆ, ಅದು ಅಂಗಿಯೊಳಕ್ಕೆ ಬಿದ್ದಾಗ ಕೈಯಲ್ಲಿ ಪಿಸ್ತೂಲು ಹಿಡಿದು ಕುಣಿಯುವಂತಿಲ್ಲ.