"ಆ ಕಾಲೇಜಿಗೆ ಸೇರಿಸ್ಬಹುದಾ ಮೇಡಂ?"

ಮಾರ್ಚ್, ಏಪ್ರಿಲ್ ಬಂತೆಂದರೆ ನನಗೆ ಅಮೆರಿಕದ ಎಚ್‌ಬಿಸಿಯುಗಳ (ಹಿಸ್ಟಾರಿಕಲಿ ಬ್ಲ್ಯಾಕ್ ಕಾಲೇಜಸ್ ಅಂಡ್ ಯೂನಿವರ್ಸಿಟೀಸ್) ಬಗ್ಗೆ ಪತ್ರಗಳು ಶುರುವಾಗುತ್ತವೆ. ಬೇರೆ ಕಾಲೇಜುಗಳು ಬಾಗಿಲು ಮುಚ್ಚಿಕೊಂಡಿದ್ದ ಕಾಲದಲ್ಲಿ ಕಪ್ಪು ಜನರಿಗಾಗಿ ಹುಟ್ಟಿದ ಕಾಲೇಜುಗಳು ಇವು. ಈಗ ಸುಮಾರು ನೂರು ಇವೆ. ಅಂಥ ಒಂದು ಕಾಲೇಜಿನಲ್ಲಿ ನಾನು ಹನ್ನೊಂದು ವರ್ಷ ಗಣಿತ ಕಲಿಸಿದ್ದೇನೆ. ಪ್ರತಿ ವರ್ಷ ಅವೇ ಪ್ರಶ್ನೆ ಬಂದು ಬೇಸರವಾಗಿದೆ. ಅದಕ್ಕೇ ಈ ಸಲ ಒಂದಕ್ಕೆ ಪೂರ್ತಿ ಉತ್ತರ ಬರೆದುಬಿಡುತ್ತೇನೆ. ಉಳಿದವಕ್ಕೆ ಅಷ್ಟು ಜಾಗ ಬೇಕಿಲ್ಲ.

ಮಗಳಿಗೆ ಗ್ರೀನ್ಸ್‌ಬರೋದ ಎಚ್‌ಬಿಸಿಯು ನಾರ್ತ್ ಕೆರೊಲಿನಾ ಎ ಅಂಡ್ ಟಿ ಯೂನಿವರ್ಸಿಟಿಯಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿದೆ. ಸ್ಕಾಲರ್‌ಶಿಪ್ಪೂ ಇದೆ. ಅವಳಿಗೆ ಅಲ್ಲೇ ಓದಬೇಕು ಅಂತ ಆಸೆ. ಆದರೆ ಎಚ್‌ಬಿಸಿಯುಗಳಲ್ಲಿ ಅರ್ಧಕ್ಕರ್ಧ ಮಕ್ಕಳು ಡಿಗ್ರಿ ಮುಗಿಸುವುದೇ ಇಲ್ಲವಂತೆ. ನೆಂಟರೆಲ್ಲ "ಅಲ್ಲಿಗ್ಯಾಕೆ ಕಳಿಸ್ತೀರಿ" ಅಂತಿದ್ದಾರೆ. ಓದಿನ ಗುಣಮಟ್ಟ ಕಡಿಮೆನಾ ಮೇಡಂ?
— ಒಬ್ಬ ತಾಯಿ, ಕ್ಯಾರಿ, ನಾರ್ತ್ ಕೆರೊಲಿನಾ

ನಿಮ್ಮ ನೆಂಟರು ಹೇಳುವ ಅಂಕಿ ಹೇಗೆ ಹುಟ್ಟುತ್ತದೆ ಅಂತ ಮೊದಲು ನೋಡಿ. ಸರ್ಕಾರದ ಈ ಲೆಕ್ಕಕ್ಕೆ ಬರುವುದು ಮೊದಲ ಸಲ ಕಾಲೇಜು ಸೇರಿ ಫುಲ್‌ಟೈಮ್ ಓದುವ ಮಕ್ಕಳು ಮಾತ್ರ. ಅವರು 6 ವರ್ಷದೊಳಗೆ ಅದೇ ಕಾಲೇಜಿನಲ್ಲಿ ಡಿಗ್ರಿ ಮುಗಿಸಬೇಕು. ಎರಡು ವರ್ಷ ಓದಿ, ಬೇರೆ ಯೂನಿವರ್ಸಿಟಿಗೆ ಹೋಗಿ ಅಲ್ಲಿ ಪಾಸಾದ ಹುಡುಗಿಯೂ ಇಲ್ಲಿ ಮುಗಿಸದವಳ ಲೆಕ್ಕ. ಬೇರೆ ಕಡೆಯಿಂದ ಬಂದು ಇಲ್ಲಿ ಡಿಗ್ರಿ ಪಡೆದವನು ಲೆಕ್ಕಕ್ಕೇ ಇಲ್ಲ.

ಆಮೇಲೆ, ಎಲ್ಲ ಎಚ್‌ಬಿಸಿಯುಗಳನ್ನೂ ಒಂದೇ ಚೀಲಕ್ಕೆ ಹಾಕಿ ತೂಗಬೇಡಿ. ಅಟ್ಲಾಂಟಾದ ಸ್ಪೆಲ್ಮನ್ ಮಹಿಳಾ ಕಾಲೇಜಿನಲ್ಲಿ ನಾಲ್ವರಲ್ಲಿ ಸುಮಾರು ಮೂವರು ಡಿಗ್ರಿ ಮುಗಿಸುತ್ತಾರೆ. ಅದರ ಅರ್ಧವನ್ನೂ ಮುಟ್ಟದ ಸಣ್ಣ ಕಾಲೇಜುಗಳೂ ಇವೆ. ಹೆಚ್ಚಿನ ಎಚ್‌ಬಿಸಿಯುಗಳಲ್ಲಿ ಅರ್ಧಕ್ಕಿಂತ ಎಷ್ಟೋ ಜಾಸ್ತಿ ಮಕ್ಕಳು ಬಡ ಕುಟುಂಬದವರಿಗೆ ಕೊಡುವ ಪೆಲ್ ಗ್ರಾಂಟ್ ಪಡೆಯುವವರು. ಶ್ರೀಮಂತರ ಮಕ್ಕಳೇ ತುಂಬಿರುವ ಕಾಲೇಜಿನ ಪಕ್ಕ ಇವನ್ನು ನಿಲ್ಲಿಸಿ ಅಳೆಯುವುದು ಯಾವ ನ್ಯಾಯ? ಎಜುಕೇಷನ್ ಟ್ರಸ್ಟ್ ಎಂಬ ಸಂಸ್ಥೆ 2017ರಲ್ಲಿ ಸರಿಯಾದ ಹೋಲಿಕೆ ಮಾಡಿತು. ಬಡ ಮಕ್ಕಳು ಹೆಚ್ಚೂಕಮ್ಮಿ ಅಷ್ಟೇ ಇರುವ ಕಾಲೇಜುಗಳನ್ನು ತೆಗೆದುಕೊಂಡಾಗ, ಕಪ್ಪು ಮಕ್ಕಳು ಎಚ್‌ಬಿಸಿಯುಗಳಲ್ಲೇ ಜಾಸ್ತಿ ಪಾಸಾಗುತ್ತಿದ್ದರು.

ನನ್ನ ಕ್ಯಾಲ್ಕುಲಸ್ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದ. ರಾತ್ರಿಯಿಡೀ ಗೋಡೌನಿನಲ್ಲಿ ಪೆಟ್ಟಿಗೆ ಪ್ಯಾಕ್ ಮಾಡಿ ಬೆಳಿಗ್ಗೆ 8ಕ್ಕೆ ಮುಂದಿನ ಸಾಲಿನಲ್ಲಿ ಕೂತಿರುತ್ತಿದ್ದ. ಬೆರಳಲ್ಲಿ ಟೇಪಿನ ಅಂಟು ಹಾಗೇ ಇರುತ್ತಿತ್ತು. ಅವನ ಉತ್ತರಪತ್ರಿಕೆಯ ಅಂಚಿನಲ್ಲೆಲ್ಲ ಅದರ ಗುರುತು. ಆ ಸಲ ಅವನಿಗೆ 100ಕ್ಕೆ 91. ಮುಂದಿನ ಸೆಮಿಸ್ಟರ್‌ಗೆ ಬರಲಿಲ್ಲ. ಕೇಳಿದರೆ, 600 ಡಾಲರ್ ಫೀಸು ಬಾಕಿ. ಬಾಕಿ ಇದ್ದರೆ ಮುಂದಿನ ಕ್ಲಾಸುಗಳಿಗೆ ಹೆಸರು ಬರೆಸಲು ಬಿಡುವುದಿಲ್ಲ, ಅದನ್ನು ಹೋಲ್ಡ್ ಅಂತಾರೆ. ನನಗೆ ಗೊತ್ತಾಗುವಷ್ಟರಲ್ಲಿ ಕೊನೇ ದಿನ ದಾಟಿತ್ತು. ನಿಮ್ಮ ನೆಂಟರು ಹೇಳುವ "ಡಿಗ್ರಿ ಮುಗಿಸದವರ" ಒಳಗೆ ಅವನೂ ಇದ್ದಾನೆ. ಇದನ್ನು ನೆನೆದಾಗ ಈಗಲೂ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಕಾಲೇಜು ಅವನ ಬಾಕಿ ಕಟ್ಟಬಾರದಿತ್ತಾ ಅಂತ ನೀವು ಕೇಳಬಹುದು. ದುಡ್ಡೆಲ್ಲಿ? 2023ರಲ್ಲಿ ಅಮೆರಿಕದ ಕೇಂದ್ರ ಸರ್ಕಾರವೇ 16 ರಾಜ್ಯಗಳ ಗವರ್ನರ್‌ಗಳಿಗೆ ಪತ್ರ ಬರೆಯಿತು. ಮೂವತ್ತು ವರ್ಷಗಳಲ್ಲಿ ಆ ರಾಜ್ಯಗಳು ತಮ್ಮ ಕಪ್ಪು ಲ್ಯಾಂಡ್-ಗ್ರಾಂಟ್ ಯೂನಿವರ್ಸಿಟಿಗಳಿಗೆ (ಕೃಷಿ, ಎಂಜಿನಿಯರಿಂಗ್ ಕಲಿಸಲು ಕೇಂದ್ರದ ಕಾನೂನಿನಡಿ ಗೊತ್ತುಮಾಡಿದವು) ಕೊಡಬೇಕಿದ್ದಕ್ಕಿಂತ 1,200 ಕೋಟಿ ಡಾಲರಿಗೂ ಹೆಚ್ಚು ಕಡಿಮೆ ಕೊಟ್ಟಿವೆ ಅಂತ. ನಿಮ್ಮ ಮಗಳ ಎ ಅಂಡ್ ಟಿ ಕೂಡ ಆ ಪಟ್ಟಿಯಲ್ಲಿದೆ.

ಇನ್ನು ಕಲಿಸುವ ವಿಷಯ. ನಮ್ಮ ವಿಭಾಗದಲ್ಲಿ ಒಬ್ಬರು ಹಿರಿಯ ಮೇಡಂ ಇದ್ದರು. ಒಂದು ಹುಡುಗಿ ಎರಡು ಕ್ಲಾಸಿಗೆ ಬರದಿದ್ದರೆ ಮೂರನೇ ದಿನ ಅವಳ ಅಜ್ಜಿಗೆ ಫೋನ್ ಹೋಗುತ್ತಿತ್ತು. ಟೇಬಲ್ ಮೇಲೆ ಒಂದು ನೋಟ್‌ಬುಕ್, ಅದರ ತುಂಬ ಅಜ್ಜಿ, ಚಿಕ್ಕಮ್ಮ, ಅಕ್ಕಂದಿರ ನಂಬರ್. ನಾನು ಮೊದಲು ಕಲಿಸಿದ ದೊಡ್ಡ ಯೂನಿವರ್ಸಿಟಿಯಲ್ಲಿ ಮಕ್ಕಳ ಹೆಸರು ಗೊತ್ತಿರುವುದೇ ಹೆಚ್ಚು. 2015ರಲ್ಲಿ ಗ್ಯಾಲಪ್ ಸಮೀಕ್ಷೆ ಕಪ್ಪು ಪದವೀಧರರನ್ನು "ಮೇಷ್ಟ್ರುಗಳಿಗೆ ನಿಮ್ಮ ಮೇಲೆ ನಿಜವಾದ ಕಾಳಜಿ ಇತ್ತಾ" ಅಂತ ಕೇಳಿತ್ತು. ಖಂಡಿತ ಇತ್ತು ಅಂದವರು ಎಚ್‌ಬಿಸಿಯುಗಳಲ್ಲಿ ಓದಿದವರಲ್ಲಿ ಶೇ 58, ಬೇರೆ ಕಡೆ ಓದಿದವರಲ್ಲಿ ಶೇ 25. ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

ಬರೀ ಪ್ರೀತಿ ಇದ್ದರೆ ಸಾಕಾ ಅಂದರೆ, ನ್ಯೂ ಆರ್ಲಿಯನ್ಸ್‌ನ ಜೇವಿಯರ್ ಯೂನಿವರ್ಸಿಟಿ ನೋಡಿ. ಅದು ಸಣ್ಣದು. ಆದರೂ ಕಪ್ಪು ಮಕ್ಕಳನ್ನು ಮೆಡಿಕಲ್ ಓದಿಗೆ ಕಳಿಸುವುದರಲ್ಲಿ ಎಷ್ಟೋ ವರ್ಷ ಇಡೀ ದೇಶಕ್ಕೆ ಮುಂದಿತ್ತು. ಗುಟ್ಟೇನೂ ಇಲ್ಲ. ಕೆಮಿಸ್ಟ್ರಿಯ ಎಲ್ಲ ಸೆಕ್ಷನ್‌ಗಳಿಗೂ ಒಂದೇ ವರ್ಕ್‌ಬುಕ್. ಬಿಡದೆ ಡ್ರಿಲ್. ಮಕ್ಕಳು ಗುಂಪಾಗಿ ಕೂತು ಒಬ್ಬರಿಗೊಬ್ಬರು ಹೇಳಿಕೊಡಬೇಕು. ಮೊದಲ ವರ್ಷದಿಂದಲೇ ಬೆನ್ನು ಹತ್ತುತ್ತಾರೆ. ಎ ಅಂಡ್ ಟಿ ಕೂಡ ಕಪ್ಪು ಎಂಜಿನಿಯರ್‌ಗಳನ್ನು ತಯಾರು ಮಾಡುವುದರಲ್ಲಿ ವರ್ಷಗಳಿಂದ ಮುಂಚೂಣಿಯಲ್ಲಿದೆ. ಚಾಲೆಂಜರ್ ದುರಂತದಲ್ಲಿ ತೀರಿಕೊಂಡ ಗಗನಯಾತ್ರಿ ರೊನಾಲ್ಡ್ ಮೆಕ್‌ನೇರ್ 1971ರಲ್ಲಿ ಅಲ್ಲೇ ಫಿಸಿಕ್ಸ್ ಡಿಗ್ರಿ ಪಡೆದವರು. ಅಲ್ಲಿಂದ ಎಂಐಟಿಗೆ ಹೋಗಿ ಪಿಎಚ್‌.ಡಿ. ಮಾಡಿದರು.

ಕೊರತೆಗಳನ್ನು ಮುಚ್ಚಿಡಲ್ಲ. ಹಣ ಇಲ್ಲದ ಕಡೆ ಹಾಸ್ಟೆಲ್ ಹಳೆಯದಾಗಿರುತ್ತದೆ. 2021ರಲ್ಲಿ ವಾಷಿಂಗ್ಟನ್‌ನ ಹೊವಾರ್ಡ್ ಯೂನಿವರ್ಸಿಟಿಯ ಮಕ್ಕಳು ಹಾಸ್ಟೆಲ್ ಗೋಡೆಗಳ ಬೂಷ್ಟು ನೋಡಿ ರೋಸಿಹೋಗಿ ಒಂದು ತಿಂಗಳು ಧರಣಿ ಕೂತರು. ಎಷ್ಟೋ ಕಡೆ ಫೀಸು, ಸ್ಕಾಲರ್‌ಶಿಪ್ ನೋಡಿಕೊಳ್ಳುವ ಆಫೀಸಿನಲ್ಲಿ ಜನ ಕಡಿಮೆ, ಒಂದು ಕಾಗದಕ್ಕೆ ಮೂರು ಸಲ ಓಡಬೇಕು. ಅದಕ್ಕೇ ಹೇಳೋದು, ಕ್ಯಾರಿಯಿಂದ ಗ್ರೀನ್ಸ್‌ಬರೋಗೆ ಒಂದೂವರೆ ಗಂಟೆಯೂ ಆಗಲ್ಲ, ಮಗಳನ್ನು ಕರೆದುಕೊಂಡು ಹೋಗಿ. ಒಂದು ಕ್ಲಾಸಿನಲ್ಲಿ ಕೂರಿಸಿ. ಹಾಸ್ಟೆಲ್ಲಿನ ಬಾತ್‌ರೂಮ್ ನೋಡಿ. ಸ್ಕಾಲರ್‌ಶಿಪ್ ನಾಲ್ಕೂ ವರ್ಷಕ್ಕಾ, ಎಷ್ಟು ಜಿಪಿಎ ಇಳಿದರೆ ನಿಲ್ಲಿಸುತ್ತಾರೆ ಅಂತ ಕೇಳಿ, ಉತ್ತರ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಇಷ್ಟು ಸರಿ ಇದ್ದರೆ ಧೈರ್ಯವಾಗಿ ಸೇರಿಸಿ.

ನಾವು ಕಪ್ಪು ಜನ ಅಲ್ಲವಲ್ಲ, ಸೇರಿಸ್ಕೊಳ್ತಾರಾ?

ಸೇರಿಸ್ಕೊಳ್ತಾರೆ. ಇವತ್ತು ಎಚ್‌ಬಿಸಿಯುಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಕಪ್ಪು ಜನರಲ್ಲ.

ಆ ಏರಿಯಾ ಸೇಫಾ?

ಚಿಕಾಗೊ, ಫಿಲಡೆಲ್ಫಿಯಾದ ಹೆಸರಾಂತ ಕಾಲೇಜುಗಳ ಬಗ್ಗೆ ಈ ಪ್ರಶ್ನೆ ನನಗೆ ಒಂದು ಸಲವೂ ಬಂದಿಲ್ಲ. ಯಾಕೆ ಅಂತ ನೀವೇ ಯೋಚಿಸಿ. ಕ್ಯಾಂಪಸ್ಸಿನ ಅಪರಾಧಗಳ ವರದಿಯನ್ನು ಪ್ರತಿ ಕಾಲೇಜೂ ವರ್ಷಾವರ್ಷ ಪ್ರಕಟಿಸಬೇಕು ಅಂತ ಅಲ್ಲಿ ಕಾನೂನಿದೆ. ಎರಡು ಕಾಲೇಜಿನದ್ದು ಪಕ್ಕಪಕ್ಕ ಇಟ್ಟು ಓದಿ. 2022ರ ಶುರುವಿನಲ್ಲಿ ಹತ್ತಾರು ಎಚ್‌ಬಿಸಿಯುಗಳಿಗೆ ಬಾಂಬ್ ಬೆದರಿಕೆ ಬಂತು. ಹೆದರಿಕೆ ಹುಟ್ಟಿಸಿದವರು ಹೊರಗಿನವರು, ಅನುಭವಿಸಿದ್ದು ಆ ಮಕ್ಕಳು.

ಇದೂ ಒಂಥರಾ ನಮ್ಮ ರಿಸರ್ವೇಶನ್ ತರಹ ಅಲ್ವಾ? ಮೆರಿಟ್ ಎಲ್ಲಿ?

ಇಲ್ಲಿ ಕೋಟಾ ಅನ್ನುವುದೇ ಇಲ್ಲ. ಮೆರಿಟ್ ಇದ್ದರೂ ಒಳಗೆ ಬಿಡದವರು ಬೇರೆಯವರು. ಮೇರಿಲ್ಯಾಂಡ್ ಯೂನಿವರ್ಸಿಟಿಯ ಲಾ ಕಾಲೇಜು ಕಪ್ಪು ಜನರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಹಾಗಾಗಿ ಥರ್ಗುಡ್ ಮಾರ್ಷಲ್ ಹೊವಾರ್ಡ್‌ನಲ್ಲಿ ಓದಿದರು. ಆಮೇಲೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು.

ನಮ್ಮೂರಿಗೇ ಸೇರಿದ ಒಂದು ಸಂಗತಿ ಹೇಳ್ತೀನಿ. 1937ರ ಜನವರಿಯಲ್ಲಿ ಮೈಸೂರಿನಲ್ಲಿ ವೈಎಂಸಿಎ ವಿಶ್ವ ಸಮ್ಮೇಳನ ನಡೆಯಿತು. ಹೊವಾರ್ಡ್‌ನ ಡೀನ್ ಬೆಂಜಮಿನ್ ಮೇಸ್ ಅದಕ್ಕೆ ಬಂದಿದ್ದರು. ಅಸ್ಪೃಶ್ಯ ಮಕ್ಕಳ ಶಾಲೆಯೊಂದರ ಹೆಡ್‌ಮಾಸ್ತರರು ಅವರನ್ನು ಮಾತಾಡಲು ಕರೆದರು. ಇವರೂ ಅಸ್ಪೃಶ್ಯರೇ, ಆದರೂ ದೊಡ್ಡ ಹೆಸರು ಮಾಡಿದವರು ಅಂತ ಮಕ್ಕಳಿಗೆ ಪರಿಚಯಿಸಿದರು. ಮೇಸ್ ಮೊದಲು ದಂಗಾದರು. ಆಮೇಲೆ, ಹುಟ್ಟಿದಾಗಿನಿಂದ ನನ್ನ ದೇಶ ನನ್ನನ್ನು ಹಾಗೇ ನಡೆಸಿಕೊಂಡಿದೆಯಲ್ಲ, ಅವರು ಹೇಳಿದ್ದು ನಿಜ ಅಂತ ಅವರಿಗೆ ಅನ್ನಿಸಿತು. 1940ರಲ್ಲಿ ಅವರು ಅಟ್ಲಾಂಟಾದ ಎಚ್‌ಬಿಸಿಯು ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರಾದರು. ಅಲ್ಲಿ ಅವರ ಮಾತು ಕೇಳುತ್ತ ಬೆಳೆದ ಹುಡುಗನೊಬ್ಬ 1948ರಲ್ಲಿ ಡಿಗ್ರಿ ಪಡೆದ. ಹೆಸರು ಮಾರ್ಟಿನ್ ಲೂಥರ್ ಕಿಂಗ್. ಮೆರಿಟ್ ಪ್ರಶ್ನೆ ಕೇಳುವವರು ಆ ಮೈಸೂರಿನ ಮಕ್ಕಳನ್ನೂ ಒಂದು ಸಲ ನೆನೆಸಿಕೊಳ್ಳಿ.

ಪಿಯುಸಿ ಆದ ತಕ್ಷಣ ಹೊವಾರ್ಡ್‌ನಲ್ಲಿ ಎಂಬಿಬಿಎಸ್ ಸಿಗುತ್ತಾ?

ಇಲ್ಲ. ಅಮೆರಿಕದಲ್ಲಿ ಮೊದಲು ಡಿಗ್ರಿ, ಆಮೇಲೆ ಮೆಡಿಕಲ್.

ಮಗ ಎಂ.ಎಸ್‌.ಗೆ ಅರ್ಜಿ ಹಾಕ್ತಿದ್ದಾನೆ. ಎಚ್‌ಬಿಸಿಯುಗಳಲ್ಲಿ ಭಾರತೀಯರಿಗೆ ಮೈನಾರಿಟಿ ಸ್ಕಾಲರ್‌ಶಿಪ್ ಗ್ಯಾರಂಟಿ ಅಂತ ಒಬ್ಬ ಕನ್ಸಲ್ಟೆಂಟ್ 80 ಸಾವಿರ ಕೇಳಿದ್ದಾರೆ. ಕೊಡಬಹುದಾ?
— ಒಬ್ಬ ತಂದೆ, ದಾವಣಗೆರೆ

ಕೊಡಬೇಡಿ. ಅಂಥ ಗ್ಯಾರಂಟಿ ಯಾರೂ ಕೊಡಲಾರರು. ಇದು ಶುದ್ಧ ಮೋಸ. ಎಂ.ಎಸ್. ಹುಡುಗರಿಗೆ ಸಿಗುವುದು ಅಸಿಸ್ಟೆಂಟ್‌ಶಿಪ್, ಅಂದರೆ ಕಲಿಸುವ ಇಲ್ಲವೇ ರಿಸರ್ಚ್ ಕೆಲಸ ಮಾಡಿ ಪಡೆಯುವ ನೆರವು. ಅದನ್ನು ಕೊಡುವುದು ವಿಭಾಗ, ಇಲ್ಲವೇ ರಿಸರ್ಚ್ ದುಡ್ಡು ತಂದಿರುವ ಪ್ರೊಫೆಸರ್. ಮಗನೇ ಅವರ ಕೆಲಸ ಓದಿ ನೇರವಾಗಿ ಬರೆಯಲಿ. ಕನ್ಸಲ್ಟೆಂಟ್ ಬರೆದುಕೊಟ್ಟ ಒಂದೇ ಅಚ್ಚಿನ ಈಮೇಲ್‌ಗಳು ನನಗೆ ಒಂದೇ ದಿನ ಆರು ಬಂದದ್ದುಂಟು. ಒಂದಕ್ಕೂ ಉತ್ತರ ಬರೆದಿಲ್ಲ.

ಕಾಲೇಜಿನ ಅಕ್ರೆಡಿಟೇಷನ್, ಅಂದರೆ ಅದರ ಗುಣಮಟ್ಟಕ್ಕೆ ಸಿಗುವ ಮಾನ್ಯತೆ, ಈಗ ಯಾವ ಸ್ಥಿತಿಯಲ್ಲಿದೆ ಅಂತಲೂ ನೋಡಿ. ಅಟ್ಲಾಂಟಾದ ಮೋರಿಸ್ ಬ್ರೌನ್ ಕಾಲೇಜು 2002ರಲ್ಲಿ ಅದನ್ನು ಕಳೆದುಕೊಂಡಿತು, ಮತ್ತೆ ಸಿಕ್ಕಿದ್ದು 2022ರಲ್ಲಿ. ಹೋರಾಡಿ ಎದ್ದು ನಿಂತ ಕಾಲೇಜು ಅದು, ನನಗೆ ಗೌರವ ಇದೆ. ಆದರೆ ಅಕ್ರೆಡಿಟೇಷನ್ ಅಲುಗಾಡುತ್ತಿರುವ ಕಡೆಗೆ, ಅದು ಯಾವ ಬಣ್ಣದವರ ಕಾಲೇಜೇ ಆಗಿರಲಿ, ಸಾಲ ಮಾಡಿ ಹೋಗು ಅಂತ ನನ್ನ ಮಗಳಿಗೆ ನಾನು ಹೇಳಲ್ಲ. ನಿಮ್ಮ ಮಗನಿಗೂ ಹೇಳಲ್ಲ. ಆ 80 ಸಾವಿರ ಬ್ಯಾಂಕಿನಲ್ಲೇ ಇರಲಿ. ಮೊದಲ ತಿಂಗಳ ಬಾಡಿಗೆಗೆ ಬೇಕಾಗುತ್ತದೆ.