‘ಪುಟ್ ಆಫ್’ ಎಂದರೆ ಮುಂದಕ್ಕೋ, ಹಿಂದಕ್ಕೋ?

ಪ್ರಶ್ನೆ: ಸೋಮವಾರದ ಸಭೆ ಗುರುವಾರಕ್ಕೆ ಹೋಗಿದೆ. ಇದನ್ನು ಇಮೇಲ್‌ನಲ್ಲಿ ತಿಳಿಸುವಾಗ ‘ಪುಟ್ ಆಫ್’ ಎನ್ನಬೇಕೋ, ‘ಪುಟ್ ಫಾರ್ವರ್ಡ್’ ಎನ್ನಬೇಕೋ? ‘ಕಾಲ್ ಆಫ್’ ಅಂದರೂ ಇದೇನಾ?

ಉತ್ತರ: ‘ಪುಟ್ ಆಫ್’ ಎಂದೇ ಬರೆಯಿರಿ. ‘ಪುಟ್ ಫಾರ್ವರ್ಡ್’ ಎಂದು ಬರೆದರೆ, ಸಭೆ ಸೋಮವಾರಕ್ಕಿಂತ ಮೊದಲೇ ನಡೆಯುತ್ತದೆ ಎಂದು ಓದಿದವರು ತಿಳಿಯುತ್ತಾರೆ.

ಎಡವುವುದು ನಮ್ಮ ‘ಮುಂದೆ’ ಎಂಬ ಮಾತಿನಿಂದ. ‘ಮುಂದಿನ ವಾರ’ ಎಂದರೆ ಇನ್ನು ಬರಬೇಕಾದ ವಾರ. ಹಾಗಾಗಿ ದಿನಾಂಕ ‘ಮುಂದಕ್ಕೆ ಹೋಯಿತು’ ಎಂದರೆ ತಡವಾಯಿತು ಎಂದೇ ಅರ್ಥ. ಇಂಗ್ಲಿಷಿನಲ್ಲಿ ಸಭೆಯನ್ನು ‘ಫಾರ್ವರ್ಡ್’ ತಂದರೆ ಅದು ಇವತ್ತಿಗೆ ಹತ್ತಿರವಾಗುತ್ತದೆ. ‘ಬ್ರಿಂಗ್ ಫಾರ್ವರ್ಡ್’ ಎಂದರೂ ಅಷ್ಟೇ, ನಿಗದಿಗಿಂತ ಮೊದಲು. ‘ಪುಟ್ ಬ್ಯಾಕ್’ ಎಂಬುದನ್ನು ನಾವು ‘ಹಿಂದಕ್ಕೆ’ ಎಂದು ಓದಿಕೊಳ್ಳುತ್ತೇವೆ, ಆದರೆ ಅದರ ಅರ್ಥ ಮುಂದೂಡುವುದು! ಕನ್ನಡದಲ್ಲಿ ಯೋಚಿಸಿ ಪದಕ್ಕೆ ಪದ ಇಟ್ಟರೆ ದಿನವೇ ತಿರುವುಮುರುವಾಗುತ್ತದೆ. ಹೀಗಾಗಿ, ಯಾವ ಪದ ಬಳಸಿದರೂ ಹೊಸ ದಿನವನ್ನು ಹೆಸರಿಸಿಯೇ ಬರೆಯಿರಿ: ‘ದ ಮೀಟಿಂಗ್ ಹ್ಯಾಸ್ ಬೀನ್ ಪುಟ್ ಆಫ್ ಟಿಲ್ ಥರ್ಸ್‌ಡೇ’. ಇಲ್ಲಿ ‘ಟಿಲ್’ ಅಥವಾ ‘ಅನ್‌ಟಿಲ್’ ಸರಿಹೊಂದುತ್ತದೆ. ಭೂತಕಾಲದಲ್ಲೂ ‘ಪುಟ್’ ಹಾಗೆಯೇ ಉಳಿಯುತ್ತದೆ.

‘ಕಾಲ್ ಆಫ್’ ಬೇರೆ. ಅದು ರದ್ದು. ಇನ್ನೊಂದು ದಿನ ನಡೆಯುತ್ತದೆ ಎಂಬ ಭರವಸೆ ಅದರಲ್ಲಿಲ್ಲ.

ಇನ್ನು ವಾಕ್ಯದ ಕಟ್ಟಣೆ. ‘ಪುಟ್ ಆಫ್ ದ ಮೀಟಿಂಗ್’, ‘ಪುಟ್ ದ ಮೀಟಿಂಗ್ ಆಫ್’ ಎರಡೂ ಸರಿ. ಆದರೆ ಹೆಸರಿನ ಬದಲು ‘ಇಟ್’ ಬಂದರೆ ಅದು ನಡುವೆಯೇ ಕೂರಬೇಕು: ‘ಪುಟ್ ಇಟ್ ಆಫ್’. ‘ಪುಟ್ ಆಫ್ ಇಟ್’ ತಪ್ಪು. ಒಂದು ಕೆಲಸವನ್ನು ಮುಂದೂಡುತ್ತಿದ್ದರೆ ಕ್ರಿಯಾಪದಕ್ಕೆ ‘ಇಂಗ್’ ಸೇರಿಸಿ: ‘ಐ ಕೀಪ್ ಪುಟಿಂಗ್ ಆಫ್ ಕಾಲಿಂಗ್ ಹಿಮ್’, ಅವನಿಗೆ ಫೋನ್ ಮಾಡುವುದನ್ನು ನಾಳೆ ನಾಳೆ ಎನ್ನುತ್ತಲೇ ಇದ್ದೇನೆ. ‘ಪುಟಿಂಗ್ ಆಫ್ ಟು ಕಾಲ್’ ಎಂದು ಬರೆಯುವವರು ಬಹಳ, ಅದು ಸಲ್ಲದು.

ಕರ್ಮಸ್ಥಾನದಲ್ಲಿ ವ್ಯಕ್ತಿ ಇದ್ದಾಗ ಅರ್ಥ ಸಾಮಾನ್ಯವಾಗಿ ಬದಲಾಗುತ್ತದೆ. ‘ದ ಸ್ಮೆಲ್ ಪುಟ್ ಮಿ ಆಫ್’ ಎಂದರೆ ಆ ವಾಸನೆಗೆ ನನಗೆ ಬೇಡವೆನಿಸಿತು. ‘ಡೋಂಟ್ ಬಿ ಪುಟ್ ಆಫ್ ಬೈ ದ ಪ್ರೈಸ್’ ಎಂದರೆ ಬೆಲೆ ನೋಡಿ ಹಿಂಜರಿಯಬೇಡಿ. ‘ಆಫ್‌ಪುಟಿಂಗ್’ ಎಂಬ ಗುಣವಾಚಕವನ್ನು ಇಂದು ಬಳಸುವುದು ಈ ಅರ್ಥದಲ್ಲೇ, ಮುಂದೂಡುವ ಅರ್ಥದಲ್ಲಲ್ಲ.

ದೀಪ ಆರಿಸುವುದಕ್ಕೆ ‘ಪುಟ್ ಆಫ್’ ಬದಲು ‘ಟರ್ನ್ ಆಫ್’ ಅಥವಾ ‘ಸ್ವಿಚ್ ಆಫ್’ ಬಳಸಿದರೆ ಎಲ್ಲೆಡೆ ಸಹಜವಾಗಿ ಕೇಳಿಸುತ್ತದೆ.